ಮಾತು ತಡವಾದ ಮಗು, ಎರಡು ಮೂರು ಭಾಷೆಯ ಊರು: ಆಟಿಸಂ ಬಗ್ಗೆ ಗಡಿನಾಡಿನ ಪೋಷಕರಿಗೆ



ನಮ್ಮ ಸಂಘದ ಪುಟದಲ್ಲಿ ಸಾಮಾನ್ಯವಾಗಿ ರಾಜ್ಯೋತ್ಸವ, ಕನ್ನಡ ಶಾಲೆ, ಪಠ್ಯಪುಸ್ತಕ, ಶಿಕ್ಷಕರ ನೇಮಕಾತಿ ಇಂಥ ವಿಷಯಗಳೇ ಹೆಚ್ಚು. ಈ ಸಲ ಮಕ್ಕಳ ಆರೋಗ್ಯದ ಒಂದು ವಿಷಯ ಬರೆಯುತ್ತಿದ್ದೇನೆ. ಇದು ವೈದ್ಯರ ವಿಷಯವಲ್ಲವೇ, ಕನ್ನಡ ಸಂಘಕ್ಕೇನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಗಡಿಭಾಗದಲ್ಲಿ ಆಟಿಸಂ ಇರುವ ಮಗುವಿನ ತಾಯಿತಂದೆಯರಿಗೆ ಎರಡು ಮಾತು ಪದೇ ಪದೇ ಕೇಳಿಬರುತ್ತವೆ, ಎರಡೂ ಭಾಷೆಗೆ ಸೇರಿದವು.

ಒಂದನೆಯದು ನೆಂಟರಿಷ್ಟರು ಹೇಳುವುದು: "ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಇನ್ನೊಂದು ಭಾಷೆ, ಟಿವಿಯಲ್ಲಿ ಮತ್ತೊಂದು. ಮಗುವಿಗೆ ಗೊಂದಲ, ಅದಕ್ಕೇ ಮಾತು ಬಂದಿಲ್ಲ. ಸ್ವಲ್ಪ ಕಾಯಿರಿ, ತಾನೇ ಬರುತ್ತದೆ." ಎರಡನೆಯದು, ಆಟಿಸಂ ಎಂದು ತಿಳಿದ ಮೇಲೆ ಕೆಲವು ಕಡೆ ಕೊಡುವ ಸಲಹೆ: "ಮನೆಯಲ್ಲಿ ಕನ್ನಡ ಬಿಟ್ಟುಬಿಡಿ, ಶಾಲೆಯ ಭಾಷೆ ಒಂದನ್ನೇ ಮಾತಾಡಿ."

ಮೊದಲ ಮಾತಿನಿಂದ ಮಗುವಿನ ಅಮೂಲ್ಯವಾದ ಒಂದೆರಡು ವರ್ಷ ಹೋಗುತ್ತದೆ. ಎರಡನೆಯದರಿಂದ ಮಗು ತನ್ನ ಮನೆಯವರಿಂದಲೇ ದೂರವಾಗುತ್ತದೆ. ಎರಡಕ್ಕೂ ಆಧಾರವಿಲ್ಲ. ಯಾಕೆ ಎಂಬುದನ್ನೂ, ಬದಲಿಗೆ ಏನು ಮಾಡಬೇಕು ಎಂಬುದನ್ನೂ ಕ್ರಮವಾಗಿ ನೋಡೋಣ.

ಆಟಿಸಂ ಎಂದರೇನು

ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಪದವಿದೆ. ಆಸ್ಪತ್ರೆ, ಶಾಲೆ, ಕಚೇರಿ ಎಲ್ಲ ಕಡೆ ಆಟಿಸಂ ಎಂದೇ ಹೇಳುವುದರಿಂದ ಇಲ್ಲಿಯೂ ಅದನ್ನೇ ಬಳಸಿದ್ದೇನೆ. ಇದು ಅಂಟುವ ರೋಗವಲ್ಲ, ಹುಚ್ಚೂ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲಿ ಹುಟ್ಟಿನಿಂದಲೇ ಇರುವ ವ್ಯತ್ಯಾಸ. ಅಮೆರಿಕದಲ್ಲಿದ್ದ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ 11 ಮಕ್ಕಳ ವಿವರ ಬರೆದು ಇದನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದರು.

ಆಟಿಸಂನಲ್ಲಿ ಮುಖ್ಯವಾಗಿ ಎರಡು ಬಗೆಯ ಲಕ್ಷಣಗಳು ಇರುತ್ತವೆ. ಒಂದು, ಇತರರೊಡನೆ ಬೆರೆಯುವುದರಲ್ಲಿ, ಮಾತು ಮತ್ತು ಸನ್ನೆಯಿಂದ ಕೊಟ್ಟು ತೆಗೆದುಕೊಳ್ಳುವುದರಲ್ಲಿ ತೊಂದರೆ. ಎರಡು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಬದಲಾವಣೆ ಸಹಿಸದಿರುವುದು, ಸದ್ದು, ಬೆಳಕು, ಸ್ಪರ್ಶ, ರುಚಿಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆ ಸ್ಪಂದಿಸುವುದು. ಮಿಕ್ಸಿ ಶಬ್ದಕ್ಕೆ ಕಿವಿ ಮುಚ್ಚಿ ಅಳುವ ಮಗು, ದಿನವಿಡೀ ಆಟಿಕೆ ಕಾರಿನ ಚಕ್ರ ಮಾತ್ರ ತಿರುಗಿಸುವ ಮಗು, ಬಿಳಿ ಅನ್ನ ಬಿಟ್ಟು ಬೇರೇನೂ ಮುಟ್ಟದ ಮಗು ನಮ್ಮ ನಿಮ್ಮ ಬೀದಿಯಲ್ಲೂ ಇರಬಹುದು. ಇಂಥ ಒಂದು ಅಭ್ಯಾಸ ಇದ್ದಮಾತ್ರಕ್ಕೆ ಆಟಿಸಂ ಅಲ್ಲ. ಎರಡೂ ಬಗೆಯ ಲಕ್ಷಣಗಳು ಒಟ್ಟಿಗೆ ಇದ್ದು ದಿನನಿತ್ಯದ ಬದುಕಿಗೆ ಅಡ್ಡಿಯಾದಾಗ ಮಾತ್ರ ಹಾಗೆ ಹೇಳುತ್ತಾರೆ.

ಕೆಲವು ಮಕ್ಕಳಿಗೆ ಮಾತೇ ಬರುವುದಿಲ್ಲ. ಕೆಲವರು ನಿರರ್ಗಳವಾಗಿ ಮಾತಾಡುತ್ತಾರೆ, ಆದರೆ ಜೊತೆಯವರೊಡನೆ ಹೊಂದಿಕೊಳ್ಳಲು ಕಷ್ಟಪಡುತ್ತಾರೆ. ಸುಮಾರು ನೂರು ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇರುತ್ತದೆ ಎಂಬುದು ತಜ್ಞರ ಅಂದಾಜು. ಹುಡುಗರಲ್ಲಿ ಹೆಚ್ಚಾಗಿ ಗುರುತಾಗುತ್ತದೆ. ಹೆಣ್ಣುಮಕ್ಕಳಲ್ಲಿ "ನಾಚಿಕೆ ಸ್ವಭಾವ" ಎಂದು ಬಿಟ್ಟುಬಿಡುವುದೂ ಉಂಟು.

ತಾಯಿ ಕೆಲಸಕ್ಕೆ ಹೋದದ್ದರಿಂದ, ಸರಿಯಾಗಿ ಮುದ್ದು ಮಾಡದ್ದರಿಂದ ಆಟಿಸಂ ಬರುವುದಿಲ್ಲ. ತಾಯಿಯ ಮೇಲೆ ತಪ್ಪು ಹೊರಿಸುವ ವಾದ ಒಂದು ಕಾಲದಲ್ಲಿ ಪಾಶ್ಚಾತ್ಯ ದೇಶಗಳ ವೈದ್ಯರಲ್ಲೇ ಇತ್ತು, ಅದು ಬಿದ್ದುಹೋಗಿ ಹಲವು ದಶಕಗಳಾದವು. ಲಸಿಕೆಯಿಂದಲೂ ಬರುವುದಿಲ್ಲ. ಹಾಗೆ ಸೂಚಿಸಿದ 1998ರ ಲೇಖನವನ್ನು ಪ್ರಕಟಿಸಿದ್ದ ಬ್ರಿಟನ್ನಿನ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಮನೆಯಲ್ಲಿ ಎರಡು ಭಾಷೆ ಇರುವುದೂ ಆಟಿಸಂಗೆ ಕಾರಣವಲ್ಲ.

ಎರಡು ಭಾಷೆಯಿಂದ ಮಾತು ತಡವಾಗುತ್ತದೆಯೇ?

ಕಾಸರಗೋಡಿನ ಮಗು ತುಳು, ಕನ್ನಡ, ಮಲಯಾಳ ಮೂರನ್ನೂ ಕೇಳಿ ಬೆಳೆಯುತ್ತದೆ. ಅಕ್ಕಲಕೋಟೆಯಲ್ಲಿ ಕನ್ನಡ ಮತ್ತು ಮರಾಠಿ, ಆದೋನಿಯಲ್ಲಿ ಕನ್ನಡ ಮತ್ತು ತೆಲುಗು, ತಾಳವಾಡಿಯಲ್ಲಿ ಕನ್ನಡ ಮತ್ತು ತಮಿಳು. ತಲೆತಲಾಂತರದಿಂದ ನಮ್ಮ ಮಕ್ಕಳು ಹೀಗೆಯೇ ಬೆಳೆದು ಎಲ್ಲವನ್ನೂ ಕಲಿತಿದ್ದಾರೆ. ಎರಡು ಭಾಷೆ ಕೇಳುವ ಮಗು ಮೊದಲ ಪದ ಆಡುವುದೂ, ಎರಡು ಪದ ಜೋಡಿಸುವುದೂ ಹೆಚ್ಚುಕಡಿಮೆ ಒಂದು ಭಾಷೆಯ ಮಗುವಿನ ವಯಸ್ಸಿನಲ್ಲೇ.

ನಾವು ಲೆಕ್ಕ ಹಾಕುವಾಗ ಎಡವುತ್ತೇವೆ. ಎರಡು ವರ್ಷದ ಮಗುವಿಗೆ ಕನ್ನಡದಲ್ಲಿ 30 ಪದ, ಮರಾಠಿಯಲ್ಲಿ 25 ಪದ ಬರುತ್ತಿದ್ದರೆ, ಕನ್ನಡ ಮಾತ್ರ ಎಣಿಸಿ "ಕಡಿಮೆ" ಎನ್ನಬಾರದು. ಎರಡನ್ನೂ ಕೂಡಿಸಬೇಕು. ಅಜ್ಜಿಯ ಹತ್ತಿರ "ನೀರು", ಪಕ್ಕದ ಮನೆಯವರ ಹತ್ತಿರ "ಪಾಣಿ" ಎನ್ನುವ ಮಗುವಿಗೆ ಗೊಂದಲವಾಗಿಲ್ಲ. ಯಾರೊಡನೆ ಹೇಗೆ ಮಾತಾಡಬೇಕೆಂದು ಅದಕ್ಕೆ ತಿಳಿದಿದೆ.

ಎರಡೂ ಭಾಷೆ ಸೇರಿಸಿ ಎಣಿಸಿದರೂ ಪದಗಳು ತೀರ ಕಡಿಮೆ ಇದ್ದರೆ ಕಾರಣ ಬೇರೆ ಇರಬೇಕು. ಆಗ ಕಾಯುತ್ತ ಕೂರಬಾರದು.

ಭಾಷೆಗೆ ಸಂಬಂಧವಿಲ್ಲದ ಲಕ್ಷಣಗಳು

ಆಟಿಸಂನ ಮೊದಲ ಸುಳಿವುಗಳು ಮಾತಿಗಿಂತ ಮುಂಚೆಯೇ ಕಾಣುತ್ತವೆ. ಅವು ಯಾವ ಭಾಷೆಯ ಮನೆಯಲ್ಲೂ ಒಂದೇ. ಕೆಳಗಿನವುಗಳನ್ನು ಗಮನಿಸಿ:

- ಒಂದು ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗಿ ನೋಡುವುದಿಲ್ಲ.
- ಒಂದು ವರ್ಷವಾದರೂ ಟಾಟಾ ಮಾಡುವುದು, ಎತ್ತಿಕೊಳ್ಳಲು ಕೈ ಚಾಚುವುದು ಮುಂತಾದ ಸನ್ನೆಗಳಿಲ್ಲ.
- ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸುವುದಿಲ್ಲ. ಚಂದ್ರನನ್ನೋ ನಾಯಿಯನ್ನೋ "ನೋಡು" ಎಂದು ತೋರಿಸಿ ನಮ್ಮ ಮುಖ ನೋಡುವುದಿಲ್ಲ. ಏನಾದರೂ ಬೇಕಿದ್ದರೆ ನಮ್ಮ ಕೈ ಹಿಡಿದು ಆ ವಸ್ತುವಿನ ಮೇಲೆ ಇಡುತ್ತದೆ.
- ಎರಡು ವರ್ಷವಾದರೂ "ಅಪ್ಪ ಬಂದ", "ಹಾಲು ಬೇಕು" ಎಂಬಂತೆ ಸ್ವಂತವಾಗಿ ಎರಡು ಪದ ಜೋಡಿಸುವುದಿಲ್ಲ.
- ಬರುತ್ತಿದ್ದ ಮಾತು, ನಗು, ಸನ್ನೆ ನಿಂತುಹೋಗಿದೆ. ಇದು ಯಾವ ವಯಸ್ಸಿನಲ್ಲಾದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣ.

ಮಾತು ಬಂದ ಮಕ್ಕಳಲ್ಲಿ ಇನ್ನೊಂದು ಕಾಣುತ್ತದೆ. ನಾವು "ನೀರು ಬೇಕಾ?" ಎಂದು ಕೇಳಿದರೆ ಮಗುವೂ "ನೀರು ಬೇಕಾ?" ಎಂದೇ ಹೇಳುತ್ತದೆ. ಬಾಯಾರಿಕೆಯಾದಾಗಲೂ ಅದೇ ಪ್ರಶ್ನೆಯ ಧಾಟಿಯಲ್ಲಿ "ನೀರು ಬೇಕಾ?" ಎಂದು ಕೇಳುತ್ತದೆ. ಇದನ್ನು ಅಣಕ ಎಂದು ಗದರಿಸಬೇಡಿ. ಅದು ಮಗು ಕೇಳಿಸಿಕೊಂಡ ಮಾತನ್ನು ಇಡಿಯಾಗಿ ಬಳಸಿಕೊಳ್ಳುವ ರೀತಿ. ಕ್ಯಾನರ್ ಅವರೂ ತಮ್ಮ ಲೇಖನದಲ್ಲಿ ಇದನ್ನು ಗುರುತಿಸಿದ್ದರು.

ಇಂಥ ಲಕ್ಷಣ ಕಂಡರೆ ಮೊದಲು ಮಾಡಿಸಬೇಕಾದ್ದು ಕಿವಿಯ ಪರೀಕ್ಷೆ. ಕಿವಿ ಸರಿಯಾಗಿ ಕೇಳದ ಮಗುವೂ ಕರೆದರೆ ತಿರುಗುವುದಿಲ್ಲ. ಮಲಗಿರುವ ಮಗುವಿಗೂ ಮಾಡಬಹುದಾದ ಬೆರಾ ಎಂಬ ಪರೀಕ್ಷೆ ಇದೆ.

ಪರೀಕ್ಷೆ ಹೇಗೆ ನಡೆಯುತ್ತದೆ

ಆಟಿಸಂ ಪತ್ತೆಗೆ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವನ್ನು ನೋಡಿ, ಅದರೊಡನೆ ಆಡಿ, ಮನೆಯವರನ್ನು ವಿವರವಾಗಿ ಕೇಳಿ ತೀರ್ಮಾನಿಸುತ್ತಾರೆ. ಮಕ್ಕಳ ವೈದ್ಯರು, ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್ ಸೇರಿ ನೋಡಿದರೆ ಒಳ್ಳೆಯದು.

ನಮ್ಮ ದೇಶದಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಅಳತೆಗೋಲಿನ ಹೆಸರು ಇಸಾ, ಅಂದರೆ ಆಟಿಸಂ ಅಳೆಯುವ ಭಾರತೀಯ ಮಾಪಕ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಇದನ್ನು ರೂಪಿಸಿದರು. ಇದರಲ್ಲಿ 40 ಅಂಶಗಳಿವೆ. ಬೆರೆಯುವಿಕೆ, ಭಾವನೆ, ಮಾತು ಮತ್ತು ಸಂವಹನ, ವರ್ತನೆ, ಇಂದ್ರಿಯಗಳು, ಗ್ರಹಿಕೆ ಎಂಬ ಆರು ಭಾಗಗಳು. ಪ್ರತಿ ಅಂಶಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕಿಂತ ಹೆಚ್ಚಾದರೆ ತೀವ್ರ ಎಂದು ಲೆಕ್ಕ. ಈ ಮಾಪಕದಲ್ಲಿ ಮನೆಯವರು ಕೊಡುವ ಉತ್ತರಕ್ಕೆ ಬಹಳ ತೂಕವಿದೆ. ಆ ಉತ್ತರ ಯಾವ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಎಂಬುದೂ ಅಷ್ಟೇ ಮುಖ್ಯ.

ಪರೀಕ್ಷೆಯ ಕೋಣೆಯಲ್ಲಿ ನೆನಪಿಡಬೇಕಾದ್ದು

ಜಿಲ್ಲಾಸ್ಪತ್ರೆಯಲ್ಲಿ ತಜ್ಞರು ಮಲಯಾಳ, ತಮಿಳು, ತೆಲುಗು ಅಥವಾ ಮರಾಠಿಯಲ್ಲಿ ಮಾತಾಡುತ್ತಾರೆ. ನಮ್ಮವರು ಅರ್ಧ ಅರ್ಥವಾದರೂ ಸಂಕೋಚದಿಂದ "ಹೂಂ" ಎಂದು ತಲೆಯಾಡಿಸುತ್ತಾರೆ. ಆ "ಹೂಂ" ಅಂಕವಾಗಿ ದಾಖಲಾಗುತ್ತದೆ. ಆದ್ದರಿಂದ ಕೆಲವು ಸಲಹೆ:

ಮಗುವಿನ ಕರೆಯುವ ಹೆಸರನ್ನು ಮೊದಲೇ ಹೇಳಿ. ಚೀಟಿಯಲ್ಲಿ ಒಂದು ಹೆಸರು, ಮನೆಯಲ್ಲಿ "ಪುಟ್ಟ" ಅಥವಾ "ಚಿನ್ನು". ಚೀಟಿಯ ಹೆಸರು ಕೂಗಿ "ಪ್ರತಿಕ್ರಿಯೆ ಇಲ್ಲ" ಎಂದು ಬರೆದರೆ ಅದು ಮಗುವಿನ ತಪ್ಪಲ್ಲ.

ಮಗುವಿಗೆ ಹೇಳುವ ಸೂಚನೆಗಳನ್ನು ಮನೆಮಾತಿನಲ್ಲೂ ಹೇಳಲು ಅವಕಾಶ ಕೇಳಿ. "ಚೆಂಡು ಕೊಡು" ಎಂಬುದು ಗೊತ್ತಿಲ್ಲದ ಭಾಷೆಯಲ್ಲಿ ಬಂದರೆ ಯಾವ ಮಗುವೂ ಸುಮ್ಮನಿರುತ್ತದೆ. ಮನೆಮಾತು ಎಂದರೆ ಮಗುವಿಗೆ ನಿಜವಾಗಿ ಗೊತ್ತಿರುವ ಮಾತು. ಕೆಲವರಿಗೆ ಅದು ತುಳು, ಕೆಲವರಿಗೆ ಬಡಗ, ಕೊಂಕಣಿ. ಅಭಿಮಾನಕ್ಕಾಗಿ ಅರ್ಜಿಯಲ್ಲಿ ಬರೆದ ಭಾಷೆಯಲ್ಲ, ಅಡುಗೆಮನೆಯಲ್ಲಿ ಆಡುವ ಭಾಷೆಯನ್ನೇ ಹೇಳಿ.

ಎರಡೂ ಭಾಷೆ ಬಲ್ಲ ಹಿರಿಯರೊಬ್ಬರನ್ನು ಕರೆದೊಯ್ಯಿರಿ. ಶಾಲೆಗೆ ಹೋಗುವ ಅಕ್ಕ ಅಣ್ಣಂದಿರನ್ನು ಅನುವಾದಕ್ಕೆ ಕೂರಿಸಬೇಡಿ. ತಮ್ಮನ ಬಗ್ಗೆ ಅಂಥ ಪ್ರಶ್ನೆಗಳಿಗೆ ಉತ್ತರ ಹೇಳುವ ಹೊರೆ ಅವರ ಮೇಲೆ ಬೀಳಬಾರದು.

ಮೊಬೈಲಿನಲ್ಲಿ ಒಂದೆರಡು ನಿಮಿಷದ ನಾಲ್ಕೈದು ವಿಡಿಯೋ ಮಾಡಿಕೊಳ್ಳಿ: ಊಟ ಮಾಡುವಾಗ, ಒಂಟಿಯಾಗಿ ಆಡುವಾಗ, ಬೇರೆ ಮಕ್ಕಳ ಜೊತೆ ಇರುವಾಗ, ಹೆಸರು ಕರೆದಾಗ. ಯಾವ ತಿಂಗಳಲ್ಲಿ ಕೂತಿತು, ನಡೆಯಿತು, ಮೊದಲ ಮಾತು ಆಡಿತು ಎಂಬುದನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದಿಡಿ.

ನಮ್ಮ ಕಡೆಯ ರೂಢಿಗಳನ್ನೂ ವಿವರಿಸಿ. ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದೆಂದು ಕಲಿಸಿದ ಮನೆಗಳಿವೆ. ಚಮಚ ಹಿಡಿಯದ ಮಗು ಕೈಯಿಂದ ಚೆನ್ನಾಗಿ ಉಣ್ಣುತ್ತಿರಬಹುದು. ಗೊಂಬೆಗೆ ಟೀ ಕುಡಿಸಿ ಆಡದ ಮಗು ರೊಟ್ಟಿ ಬಡಿಯುವ ಆಟ, ಬಸ್ ಕಂಡಕ್ಟರ್ ಆಟ ಆಡುತ್ತಿರಬಹುದು. ಇವೂ ನಟನೆಯ ಆಟಗಳೇ.

ಕೊನೆಯಲ್ಲಿ, ಯಾವ ಭಾಷೆಯಲ್ಲಿ ಪರೀಕ್ಷೆ ನಡೆಯಿತು ಎಂಬುದನ್ನು ವರದಿಯಲ್ಲಿ ಬರೆಯಲು ವಿನಂತಿಸಿ. ಮುಂದೆ ಬೇರೆ ಊರಿನ ತಜ್ಞರಿಗೆ ಅದು ಉಪಯೋಗಕ್ಕೆ ಬರುತ್ತದೆ. ಓದಲು ಬಾರದ ಭಾಷೆಯ ನಮೂನೆಗೆ, ಬಲ್ಲವರಿಂದ ಓದಿಸಿ ಕೇಳುವ ಮುನ್ನ ಸಹಿ ಹಾಕಬೇಡಿ.

ಕನ್ನಡ ಬಿಡಬೇಕೆ?

ಇನ್ನು ಎರಡನೆಯ ಸಲಹೆಗೆ ಬರೋಣ. ಮಾತು ಕಷ್ಟವಾಗಿರುವ ಮಗುವಿಗೆ ಎರಡು ಭಾಷೆ ಇನ್ನೂ ಕಷ್ಟ ಎಂಬುದು ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಪರೀಕ್ಷಿಸಿ ನೋಡಿದವರಿಗೆ ಹಾಗೆ ಕಂಡಿಲ್ಲ. ಕೆನಡಾದಲ್ಲಿ ಆಟಿಸಂ ಇರುವ 75 ಮಕ್ಕಳನ್ನು, ಕೆಲವರು ಒಂದು ಭಾಷೆಯ ಮನೆಯವರು, ಕೆಲವರು ಎರಡು ಭಾಷೆಯ ಮನೆಯವರು, ಹೋಲಿಸಿ ನೋಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಎರಡು ಭಾಷೆ ಕೇಳಿ ಬೆಳೆದ ಮಕ್ಕಳ ಮಾತು ಅದರಿಂದಾಗಿ ಹೆಚ್ಚು ಹಿಂದೆ ಬಿದ್ದಿರಲಿಲ್ಲ. ಆಮೇಲೆ ಬೇರೆ ಭಾಷೆಗಳ ಮಕ್ಕಳಲ್ಲಿ ನಡೆದ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ.

ಕನ್ನಡ ಬಿಟ್ಟರೆ ಆಗುವ ನಷ್ಟ ಮಾತ್ರ ಖಚಿತ. ಚೆನ್ನಾಗಿ ಬಾರದ ಭಾಷೆಯಲ್ಲಿ ತಾಯಿ ಮಗುವಿನೊಡನೆ ಮಾತಾಡಲು ಹೊರಟರೆ ಅವಳ ಮಾತೇ ಕಡಿಮೆಯಾಗುತ್ತದೆ. "ಕುಳಿತುಕೋ, ತಿನ್ನು, ಬೇಡ" ಎಂಬ ಆಜ್ಞೆಗಳು ಉಳಿಯುತ್ತವೆ, ಹರಟೆ, ಮುದ್ದು, ಲಾಲಿ, ಕಥೆ ಹೋಗುತ್ತವೆ. ಆಟಿಸಂ ಇರುವ ಮಗುವಿಗೆ ಹೆಚ್ಚು ಬೇಕಾಗಿರುವುದು ಈ ಹೋದವುಗಳೇ. ಅಜ್ಜಿ ತಾತನಿಗೆ ಆ ಹೊಸ ಭಾಷೆ ಬಾರದಿದ್ದರೆ ಅವರು ಮೌನವಾಗುತ್ತಾರೆ. ಮನೆಯವರೆಲ್ಲ ಊಟಕ್ಕೆ ಕೂತು ಕನ್ನಡದಲ್ಲಿ ಮಾತಾಡುವಾಗ ಈ ಮಗು ಮಾತ್ರ ಹೊರಗಿನವನಾಗುತ್ತದೆ. ಮುಂದೊಂದು ದಿನ ತಾಯಿತಂದೆ ಇಲ್ಲದಾಗ ನೋಡಿಕೊಳ್ಳಬೇಕಾದವರು ಚಿಕ್ಕಪ್ಪ, ಸೋದರತ್ತೆ, ಅಣ್ಣ, ಅತ್ತಿಗೆ. ಅವರ ಭಾಷೆ ಆ ಮಗುವಿಗೆ ಬರಬೇಡವೇ?

ಇದನ್ನು ಬರೀ ಭಾಷಾಭಿಮಾನದಿಂದ ಬರೆಯುತ್ತಿಲ್ಲ. ಕೆಲವು ಮಕ್ಕಳು ಮೊಬೈಲಿನ ಕಾರ್ಟೂನು ನೋಡಿ ತಾವಾಗಿಯೇ ಇಂಗ್ಲಿಷಿನಲ್ಲಿ ಮಾತು ಶುರುಮಾಡುತ್ತಾರೆ. ಹಾಗಾದರೆ ಅದನ್ನು ತಡೆಯಬೇಡಿ. ಬಂದ ಮಾತು ಯಾವುದಾದರೂ ಸ್ವಾಗತವೇ, ಅದಕ್ಕೆ ಮನೆಮಾತನ್ನೂ ಸೇರಿಸುತ್ತ ಹೋಗಿ. ಥೆರಪಿಸ್ಟ್ ಮಲಯಾಳದಲ್ಲಿ ಕಲಿಸುತ್ತಿದ್ದರೆ, ಆ ವಾರದ ಹತ್ತು ಪದ ಕೇಳಿ ಬರೆದುಕೊಂಡು ಅವೇ ಹತ್ತನ್ನು ಮನೆಯಲ್ಲಿ ಕನ್ನಡದಲ್ಲಿ ಬಳಸಿ. ಚಿತ್ರದ ಚೀಟಿಗಳು ಎರಡೂ ಕಡೆ ಒಂದೇ ಇರಲಿ. ಚಿತ್ರಕ್ಕೆ ಭಾಷೆಯ ಹಂಗಿಲ್ಲ.

ಮನೆಯವರಿಂದ ಆಗುವ ಕೆಲಸ

ದೊಡ್ಡ ಊರಿನ ಥೆರಪಿ ಕೇಂದ್ರ ದೂರ, ವಾರಕ್ಕೆ ಎರಡು ಸಲ ಹೋಗಲು ಕೂಲಿ ಬಿಡಬೇಕು ಎಂಬುದು ನಿಜ. ಆದರೆ ತಜ್ಞರಿಲ್ಲದೆಯೂ ಬಹಳಷ್ಟು ಆಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಗೋವಾದಲ್ಲೇ ಸಾಕ್ಷಿ ಇದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮನೆಯವರೊಡನೆ ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂತು. ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಆರು ತಿಂಗಳಲ್ಲಿ 12 ಬಾರಿ ತಾಯಿತಂದೆಯರೊಡನೆ ಕೂತರು. ತಾಯಿ ಮಗು ಆಡುವುದನ್ನು ವಿಡಿಯೋ ಮಾಡಿ, ಅದನ್ನೇ ಜೊತೆಯಲ್ಲಿ ನೋಡಿ ಚರ್ಚಿಸಿದರು. ಪೋಷಕರು ಮಗುವಿನ ಗಮನಕ್ಕೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು, ಮಗು ತಾನಾಗಿಯೇ ಸಂವಹನ ಶುರುಮಾಡುವುದೂ ಹೆಚ್ಚಿತು.

ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಮಗು ಏನು ನೋಡುತ್ತಿದೆಯೋ ಅದರ ಬಗ್ಗೆಯೇ ಮಾತಾಡಿ. ಅದು ಫ್ಯಾನ್ ನೋಡುತ್ತಿದ್ದರೆ ಎಳೆದು ಪುಸ್ತಕ ತೋರಿಸುವ ಬದಲು "ಫ್ಯಾನ್ ತಿರುಗ್ತಿದೆ" ಎನ್ನಿ. ಚಿಕ್ಕ ವಾಕ್ಯ ಹೇಳಿ, ಹೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಕಾಯಿರಿ. ನಾವು ಬೇಗ ಎರಡನೇ ಪ್ರಶ್ನೆ ಕೇಳುತ್ತೇವೆ, ಮಗುವಿಗೆ ಮೊದಲನೆಯದು ಇನ್ನೂ ತಲುಪಿರುವುದಿಲ್ಲ. ಬಿಸ್ಕತ್ತಿನ ಡಬ್ಬಿಯನ್ನು ಮುಚ್ಚಳ ಬಿಗಿದು ಕೊಟ್ಟರೆ ತೆಗೆಸಲು ನಿಮ್ಮ ಬಳಿ ಬರುತ್ತದೆ. ಆ ಬರುವಿಕೆಯೇ ಸಂವಹನದ ಮೊದಲ ಹೆಜ್ಜೆ. ಕಣ್ಣಾಮುಚ್ಚಾಲೆ, ಬೆರಳಾಟ, ಉಯ್ಯಾಲೆಯಲ್ಲಿ ತೂಗಿ ನಡುವೆ ನಿಲ್ಲಿಸಿ "ಇನ್ನೂ?" ಎಂದು ಕೇಳುವುದು, ಇವೆಲ್ಲ ಕಾಸಿಲ್ಲದ ಥೆರಪಿ.

ದಿನದ ಕೆಲಸಗಳ ಚಿತ್ರ ಬರೆದು ಅಥವಾ ಫೋಟೋ ಅಂಟಿಸಿ ಗೋಡೆಗೆ ಸಾಲಾಗಿ ಹಾಕಿ: ಏಳುವುದು, ಹಲ್ಲುಜ್ಜುವುದು, ಸ್ನಾನ, ತಿಂಡಿ, ಶಾಲೆ. ಮುಂದೇನು ಎಂದು ಗೊತ್ತಾದರೆ ರಂಪ ಕಡಿಮೆಯಾಗುತ್ತದೆ. ಜಾತ್ರೆ, ಮದುವೆ, ಪಟಾಕಿ, ಕ್ಷೌರದಂಗಡಿ, ಇವುಗಳ ಬಗ್ಗೆ ಮುಂಚಿತವಾಗಿ ಹೇಳಿ, ಸದ್ದು ತಡೆಯುವ ಕಿವಿಮುಚ್ಚಿಗೆ ಒಯ್ಯಿರಿ. ರಂಪ ಮಾಡಿದಾಗ "ಹಠಮಾರಿ" ಎನ್ನುವ ಮುನ್ನ ಏನು ನೋವಾಗಿದೆ, ಏನು ಬೇಕಿದೆ, ಯಾವ ಸದ್ದಿನಿಂದ ತಪ್ಪಿಸಿಕೊಳ್ಳುತ್ತಿದೆ ಎಂದು ಹುಡುಕಿ. ಮಾತು ಬಾರದ ಮಗುವಿಗೆ ಚಿತ್ರ ತೋರಿಸಿ ಕೇಳಲು ಕಲಿಸಿದರೆ ಮಾತು ನಿಂತುಹೋಗುತ್ತದೆ ಎಂಬ ಭಯ ಬೇಡ. ಹಾಗಾಗುವುದಿಲ್ಲ.

ಶಾಲೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇದ್ದವು, ಆಟಿಸಂ ಇರಲಿಲ್ಲ. ಹೊಸದರಲ್ಲಿ 21 ಇವೆ, ಆಟಿಸಂ ಸೇರಿದೆ. ಶೇ. 40 ಅಥವಾ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ ಅಥವಾ ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಇಸಾ ಮಾಪಕದಲ್ಲಿ 70 ಅಂಕ ಬಂದರೆ ಶೇ. 40 ಎಂದು ಲೆಕ್ಕ.

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕೊಡಬೇಕೆಂಬ ಸಂವಿಧಾನದ 350ಎ ವಿಧಿ ನಮ್ಮ ಸದಸ್ಯರಿಗೆಲ್ಲ ಬಾಯಿಪಾಠ. ಆಟಿಸಂ ಇರುವ ಮಗುವನ್ನು ಅದು ಹೊರಗಿಟ್ಟಿಲ್ಲ. "ಇಂಥ ಮಗುವನ್ನು ಕನ್ನಡ ಮಾಧ್ಯಮದಿಂದ ತೆಗೆಯಿರಿ" ಎಂದು ಯಾರಾದರೂ ಹೇಳಿದರೆ ಕಾರಣವನ್ನು ಲಿಖಿತವಾಗಿ ಕೇಳಿ.

ನಮ್ಮಲ್ಲಿ ಅನೇಕ ಶಿಕ್ಷಕ ಸದಸ್ಯರಿದ್ದೀರಿ. ತರಗತಿಯಲ್ಲಿ ದೊಡ್ಡ ಖರ್ಚಿಲ್ಲದೆ ಮಾಡಬಹುದಾದ್ದು ಬಹಳ: ಕಿಟಕಿ, ಬಾಗಿಲಿನ ಗಲಾಟೆಯಿಂದ ದೂರ ಒಂದೇ ಜಾಗ, ಒಂದು ಸಲಕ್ಕೆ ಒಂದೇ ಸೂಚನೆ, ಬೋರ್ಡಿನ ಮೂಲೆಯಲ್ಲಿ ಆ ದಿನದ ಪಾಠಗಳ ಚಿತ್ರ, ಜೊತೆಗೆ ಒಬ್ಬ ಒಳ್ಳೆಯ ಗೆಳೆಯ, ಗಂಟೆ ಬಾರಿಸುವ ಮುನ್ನ ಒಂದು ಮಾತು.

ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು

ಮೊದಲ ಬಾಗಿಲು ಅಂಗನವಾಡಿ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಎಂಬ ಕೇಂದ್ರದ ಮಕ್ಕಳ ತಪಾಸಣಾ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅವರು ನೋಡುವ ತೊಂದರೆಗಳಲ್ಲಿ ಆಟಿಸಂ ಕೂಡ ಇದೆ. ಅನುಮಾನವಿದ್ದರೆ ಜಿಲ್ಲೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ಡಿಇಐಸಿ ಎಂದು ಕೇಳಿದರೆ ಜಿಲ್ಲಾಸ್ಪತ್ರೆಯಲ್ಲಿ ತೋರಿಸುತ್ತಾರೆ.

ಕನ್ನಡದಲ್ಲಿಯೇ ಪರೀಕ್ಷೆ, ಸ್ಪೀಚ್ ಥೆರಪಿ ಬೇಕೆನ್ನುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಎರಡೂ ಕೇಂದ್ರ ಸರ್ಕಾರದ ಸಂಸ್ಥೆಗಳು, ಯಾವ ರಾಜ್ಯದವರೂ ಹೋಗಬಹುದು. ವಯನಾಡು, ನೀಲಗಿರಿ, ತಾಳವಾಡಿಯವರಿಗೆ ಮೈಸೂರು, ಹೊಸೂರಿನವರಿಗೆ ಬೆಂಗಳೂರು ಹತ್ತಿರ. ತೆಲಂಗಾಣದವರಿಗೆ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಸಮೀಪ. ಕಾಸರಗೋಡಿನವರು ತಮ್ಮ ಪಂಚಾಯತಿನ ಬಡ್ಸ್ ಶಾಲೆಯಲ್ಲೂ ವಿಚಾರಿಸಬಹುದು.

ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ ಯುಡಿಐಡಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಗಡಿಭಾಗದವರು ಗಮನಿಸಬೇಕಾದ್ದು: 2016ರ ಕಾಯ್ದೆಯ ಪ್ರಕಾರ ಈ ಪ್ರಮಾಣಪತ್ರ ಇಡೀ ದೇಶಕ್ಕೆ ಸಿಂಧು. ಕೇರಳದ್ದು ಕರ್ನಾಟಕದಲ್ಲಿ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಕಾಯ್ದೆಯ 58ನೇ ಕಲಂ ತೋರಿಸಿ. ಆದರೆ ಪಿಂಚಣಿ, ವಿದ್ಯಾರ್ಥಿವೇತನದಂಥ ರಾಜ್ಯದ ಯೋಜನೆಗಳು ನೀವು ವಾಸಿಸುವ ರಾಜ್ಯದ್ದೇ. ಆಧಾರ್, ಪಡಿತರ ಚೀಟಿ, ಜನನ ಪ್ರಮಾಣಪತ್ರ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರುವಂತೆ ಮೊದಲೇ ಸರಿಪಡಿಸಿಕೊಳ್ಳಿ. ಕನ್ನಡ ಹೆಸರು ಇನ್ನೊಂದು ಭಾಷೆಯ ಕಚೇರಿಯಲ್ಲಿ ಹೇಗೆಲ್ಲ ಬದಲಾಗುತ್ತದೆ ಎಂಬುದು ನಮಗೆ ಗೊತ್ತಿರುವ ಸಂಗತಿ.

1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನಿರಾಮಯ ಎಂಬ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಭರಿಸುತ್ತದೆ, ಥೆರಪಿಗೂ ಅದರಲ್ಲಿ ಒಂದು ಭಾಗವಿದೆ. ಮಗುವಿಗೆ 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಪಾಲಕರ ನೇಮಕ ಬೇಕಾದರೆ ಇದೇ ಕಾಯ್ದೆಯ ಸ್ಥಳೀಯ ಸಮಿತಿಗೆ, ಅಂದರೆ ಜಿಲ್ಲಾಧಿಕಾರಿಗಳ ಕಚೇರಿಗೆ, ಅರ್ಜಿ ಕೊಡಬೇಕು. ಕೇಂದ್ರ ಸರ್ಕಾರದ ನೌಕರರಾಗಿದ್ದರೆ, ದುಡಿದು ಬದುಕಲಾಗದ ಮಗ ಅಥವಾ ಮಗಳಿಗೆ ಜೀವನಪರ್ಯಂತ ಕುಟುಂಬ ಪಿಂಚಣಿಗೆ ಅವಕಾಶವಿದೆ. ಸೇವೆಯಲ್ಲಿರುವಾಗಲೇ ಕುಟುಂಬದ ವಿವರದಲ್ಲಿ ಮಗುವಿನ ಹೆಸರು, ಅಂಗವೈಕಲ್ಯ ಎರಡನ್ನೂ ನಮೂದಿಸಿ. ರಾಜ್ಯ ನೌಕರರು ತಮ್ಮ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಕೇಳಿ ತಿಳಿಯಿರಿ.

ವಾಸಿ ಮಾಡುತ್ತೇವೆ ಎನ್ನುವವರು

ಆಟಿಸಂ ಅನ್ನು ಪೂರ್ತಿ ವಾಸಿ ಮಾಡುವ ಔಷಧವಿಲ್ಲ. ನಿದ್ರೆ, ಫಿಟ್ಸ್, ಅತಿ ಚಟುವಟಿಕೆಯಂಥ ಜೊತೆಯ ತೊಂದರೆಗಳಿಗೆ ವೈದ್ಯರು ಔಷಧ ಕೊಡುತ್ತಾರೆ, ಅದು ಬೇರೆ. ಲಕ್ಷಗಟ್ಟಲೆ ಹಣ ಪಡೆದು ಸ್ಟೆಮ್ ಸೆಲ್ ಚಿಕಿತ್ಸೆ ಕೊಡುತ್ತೇವೆ ಎನ್ನುವ ಜಾಹೀರಾತು ನೋಡಿ ಹೊಲ ಮಾರಬೇಡಿ. ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹರಕೆ, ಪೂಜೆ ನಿಮ್ಮ ನಂಬಿಕೆಗೆ ಬಿಟ್ಟದ್ದು. ಅದರ ಜೊತೆಗೆ ಥೆರಪಿ ನಿಲ್ಲದಿರಲಿ.

ಸದಸ್ಯರಲ್ಲಿ ವಿನಂತಿ

ಸಂಘದಿಂದ ವೈದ್ಯಕೀಯ ಸಹಾಯ ಆಗದು. ಆದರೆ ಭಾಷೆಯ ಸಹಾಯ ಖಂಡಿತ ಆಗುತ್ತದೆ. ಪ್ರತಿ ಊರಿನಲ್ಲೂ ರಾಜ್ಯಭಾಷೆ ಮತ್ತು ಕನ್ನಡ ಎರಡನ್ನೂ ಚೆನ್ನಾಗಿ ಬಲ್ಲ, ಬಿಡುವಿರುವ ಹಿರಿಯರು ನಮ್ಮಲ್ಲಿದ್ದಾರೆ. ನಿವೃತ್ತ ಶಿಕ್ಷಕರು, ದಾದಿಯರು, ಗುಮಾಸ್ತರು ತಿಂಗಳಿಗೆ ಒಂದು ದಿನ ಇಂಥ ಕುಟುಂಬದ ಜೊತೆ ಆಸ್ಪತ್ರೆಗೆ ಹೋಗಿ ಕೂರಲು, ಅರ್ಜಿ ತುಂಬಿಕೊಡಲು ಒಪ್ಪಿದರೆ ತಮ್ಮ ಊರಿನ ಶಾಖೆಯಲ್ಲಿ ಹೆಸರು ಕೊಡಿ. ಮಗುವಿನ ವಿಷಯ ಹೊರಗೆ ಹೇಳಬಾರದು ಎಂಬುದೊಂದೇ ನಿಬಂಧನೆ.

ನಮ್ಮ ಕಾರ್ಯಕ್ರಮಗಳಿಗೂ ಈ ಮಕ್ಕಳು ಬರಲಿ. ಮಕ್ಕಳ ಸ್ಪರ್ಧೆ ಇರುವ ದಿನ ಸ್ಪೀಕರಿನ ಸದ್ದು ತಗ್ಗಿಸಿ, ಪಕ್ಕದಲ್ಲಿ ಒಂದು ಶಾಂತ ಕೋಣೆ ತೆರೆದಿಡಿ, ಮಗು ನಡುವೆ ಎದ್ದು ಓಡಾಡಿದರೆ ತಾಯಿಯ ಕಡೆ ತಿರುಗಿ ನೋಡಬೇಡಿ. ಕನ್ನಡ ಉಳಿಯಲಿ ಎಂದು ನಾವು ಪ್ರತಿ ವರ್ಷ ಭಾಷಣ ಮಾಡುತ್ತೇವೆ. ಐದು ವರ್ಷವಾದ ಮೇಲೆ ಮೊದಲ ಸಲ "ಅಮ್ಮ, ಬಾ" ಎನ್ನುವ ಮಗುವಿನ ಬಾಯಲ್ಲಿ ಅದು ಉಳಿದರೆ ಅದಕ್ಕಿಂತ ದೊಡ್ಡ ಕೆಲಸ ಯಾವುದಿದೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ